ಪೈಪಿನ ಮಸಿ

ಹುಣಸೂರಿನ ಡಾಕ್ಟರು ಆ ಮಾತನ್ನು ಹಾಗೆ ಹೇಳಬಾರದಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಎದುರಿಗೆ ಕೂತ ರೈತನಿಗೆ ಸುಲಭವಾಗಿ ತಿಳಿಯಲಿ ಎಂದೇ ಹೇಳಿದರು. ಆದರೂ ಹೇಳಬಾರದಿತ್ತು.

"ನಿಮ್ಮದು ಹೊಗೆಸೊಪ್ಪಿನ ಬ್ಯಾರನ್ ಇದೆಯಲ್ಲ ದೇವಯ್ಯನೋರೇ," ಎಂದರು ಅವರು, ಇಸಿಜಿ ಕಾಗದ ಮಡಿಸುತ್ತ. "ಒಲೆಯಿಂದ ಬಿಸಿ ಹೋಗೋ ತಗಡಿನ ಪೈಪಲ್ಲಿ ಮಸಿ ಕಟ್ಟುತ್ತಲ್ಲ, ಹಾಗೇ ನಿಮ್ಮ ಹೃದಯದ ರಕ್ತನಾಳದೊಳಗೆ ಕೊಬ್ಬು ಕಟ್ಟಿದೆ. ದಾರಿ ಕಿರಿದಾಗಿದೆ. ಏರು ಹತ್ತಿದಾಗ, ಭಾರ ಎತ್ತಿದಾಗ ಅಲ್ಲಿಗೆ ರಕ್ತ ಸಾಲೋದಿಲ್ಲ. ಅದಕ್ಕೇ ಎದೆ ಹಿಡಿಯೋದು."

ಅಲ್ಲಿಯವರೆಗೆ ಮುಖ ಬಿಳಿಚಿಕೊಂಡು ಕೂತಿದ್ದ ದೇವಯ್ಯ ನೆಟ್ಟಗಾದ. ಪಕ್ಕದಲ್ಲಿ ನಿಂತಿದ್ದ ಮಗ ಸ್ವಾಮಿಯ ಕಡೆಗೆ ಒಮ್ಮೆ ನೋಡಿ ತಲೆಯಾಡಿಸಿದ. ರಾವಂದೂರಿನ ಆಸುಪಾಸಿನಲ್ಲಿ ಬ್ಯಾರನ್ ಪೈಪಿನ ವಿಷಯ ಅವನಿಗಿಂತ ತಿಳಿದವರು ಯಾರೂ ಇರಲಿಲ್ಲ. ಆ ಹೆಮ್ಮೆ ಅವನನ್ನು ಆಸ್ಪತ್ರೆಯ ಕುರ್ಚಿಯಲ್ಲೂ ಬಿಟ್ಟಿರಲಿಲ್ಲ.

ಡಾಕ್ಟರು ಮುಂದೆ ಹೇಳಿದ್ದು ಬಹಳ ಇತ್ತು. ಕೊಬ್ಬು ಇಳಿಸುವುದಕ್ಕೆ ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಿರುವುದಕ್ಕೆ ಒಂದು. ಎದೆ ಹಿಡಿದ ತಕ್ಷಣ ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಸಣ್ಣದೊಂದು. ಬೀಡಿ ಇವತ್ತೇ ಬಿಡಬೇಕು. ಎಣ್ಣೆ, ಕೊಬ್ಬಿನ ಬಾಡು, ಉಪ್ಪು ಇಳಿಸಬೇಕು. ಸಮನೆಲದಲ್ಲಿ ನಿಧಾನಕ್ಕೆ ನಡೆಯಬೇಕು. ಮೈಸೂರಿಗೆ ಹೋಗಿ, ನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಆಂಜಿಯೋಗ್ರಾಮ್ ಮಾಡಿಸಬೇಕು. "ಒಂದು ಮಾತು ನೆನಪಿರಲಿ. ಚೆನ್ನಾಗಾಯ್ತು ಅನಿಸಿದರೂ ಮಾತ್ರೆ ನಿಲ್ಲಿಸಬಾರದು," ಎಂದರು. ಸ್ವಾಮಿಗೂ ಹೇಳಿದರು: "ನೀವೂ ಒಂದು ಸಲ ರಕ್ತ ಕೊಟ್ಟು ಹೋಗಿ. ಇದು ಮನೆತನದಲ್ಲಿ ಬರೋದುಂಟು."

ದೇವಯ್ಯ ಇದನ್ನೆಲ್ಲ ಕೇಳಿಸಿಕೊಂಡ. ಕಿವಿಯಲ್ಲಿ ನಿಂತದ್ದು ಮಾತ್ರ ಪೈಪು.

ವಾಪಸು ಬರುವಾಗ ಬಸ್ಸಿನಲ್ಲಿ ಮಗನಿಗೆ ಅಂದ, "ಡಾಕ್ಟ್ರು ಬುದ್ವಂತ ಕಣ್ಲಾ. ಪೈಪು ಅಂತ ಯೋಳಿ ಬುಟ್ರಲ್ಲ, ಇನ್ನೇನದೆ ಎದ್ರಕಳದು? ಮಸಿ ಕಟ್ಟಿದ್ರೆ ಉರಿಸ್ಬೇಕು ಅಷ್ಟೆಯ."

"ಅಪ್ಪ, ಅದು ತಗಡಲ್ಲ. ನರ."

"ಅವ್ರೇ ಯೋಳಿದ್ದಲ್ಲವೇನ್ಲಾ ಪೈಪು ಅಂತ? ನಾನ್ ಯೋಳಿದ್ನಾ?"

ಸ್ವಾಮಿ ಕಿಟಕಿಯ ಕಡೆ ತಿರುಗಿದ. ಅಪ್ಪನ ಮುಖಕ್ಕೆ ಬಣ್ಣ ವಾಪಸು ಬಂದಿತ್ತು, ಸದ್ಯಕ್ಕೆ ಅವನಿಗೆ ಅದೇ ಸಾಕಾಗಿತ್ತು.

ಹೊಗೆಸೊಪ್ಪು ಬೆಳೆಯದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಬ್ಯಾರನ್ ಎಂದರೆ ಎರಡಾಳೆತ್ತರದ, ಕಿಟಕಿ ಕಡಿಮೆಯಿರುವ ಒಂದು ಕೋಣೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಅಡ್ಡಗಳುಗಳ ಮೇಲೆ ಸಾಲಾಗಿ ಅಟ್ಟದವರೆಗೂ ನೇತುಹಾಕುತ್ತಾರೆ. ಹೊರಗಿನ ಒಲೆಯ ಬಿಸಿ, ನೆಲದ ಮೇಲೆ ಹಾಯ್ದ ತಗಡಿನ ಪೈಪುಗಳಲ್ಲಿ ಹರಿದು ಎಲೆಯನ್ನು ಹದ ಮಾಡುತ್ತದೆ. ಮಳೆಗಾಲ ಶುರುವಾಗುವ ಮೊದಲು ಪೈಪುಗಳನ್ನು ಬಿಚ್ಚಿ, ಬಡಿದು, ಮಸಿ ಕೊಡವುವುದು ಎಲ್ಲರೂ ಮಾಡುವ ಕೆಲಸ. ಒಳಗೆ ಎಲೆ ಬೇಯುತ್ತಿರುವಾಗಲೇ ಪೈಪು ಕಟ್ಟಿಕೊಂಡರೆ ಏನು ಮಾಡುವುದು? ಬಿಚ್ಚುವಂತಿಲ್ಲ. ಆಗ ಒಣಪುಳ್ಳೆ ತುರುಕಿ, ಗಾಳಿ ಬಿಟ್ಟು, ಭಾರಿ ಉರಿ ಎಬ್ಬಿಸಬೇಕು. ಒಳಗಿನ ಮಸಿಗೇ ಬೆಂಕಿ ಹತ್ತಿ ಗೊರಗೊರ ಸದ್ದು ಮಾಡುತ್ತದೆ, ತಗಡು ಕೆಂಪಗಾಗುತ್ತದೆ, ಸ್ವಲ್ಪ ಹೊತ್ತಿಗೆ ಮಸಿ ಬೂದಿಯಾಗಿ ದಾರಿ ಬಿಡುತ್ತದೆ. ಹೆಚ್ಚು ಜನ ಇದಕ್ಕೆ ಕೈ ಹಾಕುವುದಿಲ್ಲ. ತಗಡು ಸೀಳಿದರೆ ಬ್ಯಾರನ್ನೇ ಹೊತ್ತಿ ಹೋಗುತ್ತದೆ. ದೇವಯ್ಯನಿಗೆ ಮಾತ್ರ ಅದು ಕರಗತ. ಸುತ್ತಲ ಊರಿನವರು ಪೈಪು ಕಟ್ಟಿಕೊಂಡರೆ ಅವನನ್ನೇ ಕರೆಯುತ್ತಿದ್ದರು.

ಇಂಥವನ ಮುಂದೆ ಡಾಕ್ಟರು ಪೈಪಿನ ಮಾತೆತ್ತಿದ್ದು.

ಅದು ಎರಡು ಸಾವಿರದ ಮೂರರ ಆಷಾಢ. ಮನೆಯಲ್ಲಿ ಜಗಳ ಮೊದಲು ಶುರುವಾದದ್ದು ಒಲೆಯ ಹತ್ತಿರ. ಸೊಸೆ ಬೃಂದಾ ಪಿರಿಯಾಪಟ್ಟಣದಲ್ಲಿ ಪಿಯುಸಿವರೆಗೆ ಓದಿದವಳು, ಡಾಕ್ಟರ ಮಾತನ್ನು ಗಂಡನಿಂದ ಒಂದೊಂದೂ ಬಿಡದೆ ಕೇಳಿಕೊಂಡಿದ್ದಳು. ಆ ವಾರ ಬ್ಯಾರನ್‌ಗೆ ಪೂಜೆ ಮಾಡಿ ಕೋಳಿ ಕುಯ್ದರು. ಬೃಂದಾ ಮಾವನ ಪಾಲಿಗೆ ಚರ್ಮ ತೆಗೆದ ಎರಡು ತುಂಡು ಬೇರೆ ಪಾತ್ರೆಯಲ್ಲಿ ಬೇಯಿಸಿಟ್ಟಳು, ಮೇಲೆ ಎಣ್ಣೆ ತೇಲದ ಸಾರು. ಅತ್ತೆ ಮಂಗಳಮ್ಮ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಏನವ್ವ ಇದು, ಬಾಣಂತಿಗಾ?"

"ಮಾವಂಗೆ ಕಣತ್ತೆ. ಡಾಕ್ಟ್ರು ಕೊಬ್ಬು ಬೇಡ ಅಂದವ್ರೆ."

"ಅಂಗಾರೆ ನಾನ್ ಇಷ್ಟ್ ವರ್ಸ ಇಕ್ಕಿದ್ದೆಲ್ಲ ಅವ್ರ ಎದೇಲಿ ಮಸಿ ಕಟ್ಟದೆ ಅಂತ ತಾನೆ ನೀನ್ ಯೋಳದು?"

"ನಾನೆಲ್ಲಿ ಅಂಗಂದೆ?"

"ಬಾಯ್ಬುಟ್ಟು ಅನ್ಬೇಕಾ? ಪಾತ್ರೆನೇ ಯೋಳ್ತದಲ್ಲ!"

ದೇವಯ್ಯ ಎರಡು ತುಂಡನ್ನು ತಿಂದು, ಮುದ್ದೆಯ ಅರ್ಧ ಹಾಗೇ ಬಿಟ್ಟು ಎದ್ದ. ಆ ದಿನ ಯಾರ ಊಟವೂ ನೆಟ್ಟಗಾಗಲಿಲ್ಲ. ಮಂಗಳಮ್ಮ ಕೆಟ್ಟವಳಲ್ಲ. ಗಂಡನಿಗೆ ಹೊಟ್ಟೆ ತುಂಬ ಇಕ್ಕುವುದನ್ನೇ ಬದುಕು ಎಂದು ತಿಳಿದವಳು. ಆ ಕೈಯನ್ನೇ ಕಾಯಿಲೆಯ ಮೂಲ ಅಂದುಬಿಟ್ಟರೆ ಯಾವ ಹೆಂಗಸಿಗೆ ತಡೆದೀತು?

ಅಷ್ಟರಲ್ಲಿ ಸ್ವಾಮಿಯ ರಕ್ತದ ವಿಷಯವೂ ಬಂತು. ಮೂವತ್ತೈದಕ್ಕೇ ಕೊಬ್ಬು ಮಿತಿ ಮೀರಿತ್ತು. ಅವನಿಗೂ ರಾತ್ರಿಗೊಂದು ಮಾತ್ರೆ ಬರೆದರು. ಮಂಗಳಮ್ಮ ಹಣೆ ಚಚ್ಚಿಕೊಂಡಳು. "ಆಳಾಗಿ ದುಡಿಯೋನ್ಗೂ ಮಾತ್ರೆಯೇ? ಇನ್ ಈ ಮನೇಲಿ ಸಾರಿನ್ ಬದ್ಲು ಮಾತ್ರೆನೇ ಕಲಸ್ಕಂಡ್ ಉಣ್ಣಿ!"

ಸ್ವಾಮಿ ಅಂದಿನಿಂದಲೇ ನುಂಗತೊಡಗಿದ. ಅಪ್ಪನ ಮಾತ್ರೆಯೂ ತನ್ನ ಮಾತ್ರೆಯೂ ತೀರುವ ಮೊದಲೇ ಪಿರಿಯಾಪಟ್ಟಣಕ್ಕೆ ಹೋಗಿ ತರುತ್ತಿದ್ದ. ಅವನದು ಹೆಚ್ಚು ಮಾತಿನ ಪ್ರೀತಿಯಲ್ಲ. ಊಟವಾದ ಮೇಲೆ ಅಪ್ಪನ ಮುಂದೆ ನೀರಿನ ಲೋಟ ಇಟ್ಟು, "ನುಂಗಪ್ಪ" ಎಂದು ನಿಲ್ಲುವುದು, ಅಷ್ಟೇ.

ಮಂಗಳಮ್ಮನ ತವರು ಕಾವೇರಿ ದಂಡೆಯ ಸಾಲಿಗ್ರಾಮ. ಅವಳ ಅಣ್ಣ ಷಣ್ಮುಖಪ್ಪ ಅಲ್ಲಿ ಗ್ರಂದಿಗೆ ಅಂಗಡಿ ಇಟ್ಟುಕೊಂಡು ಒಣಬೇರು, ಚೆಕ್ಕೆ, ಅಳಲೆಕಾಯಿ ಮಾರುತ್ತಿದ್ದ. ಭಾವನಿಗೆ ಹುಷಾರಿಲ್ಲವೆಂದು ಕೇಳಿ ಬಸ್ಸು ಹತ್ತಿ ಬಂದ. ಚೀಲದ ತುಂಬ ಹೊಳೆಮತ್ತಿ ಮರದ ತೊಗಟೆಯ ಚೆಕ್ಕೆ ತಂದಿದ್ದ.

"ಇದನ್ನ ಹಾಲು ನೀರಲ್ಲಿ ಕುದಿಸಿ ಬತ್ತಿಸಿ ಕುಡೀಬೇಕು ಭಾವ. ಎದೆಗೆ ಒಳ್ಳೇದು ಅಂತ ನಮ್ಮಪ್ಪನ ಕಾಲದಿಂದ ಕೊಡ್ತಾ ಬಂದಿದೀವಿ. ಜೊತೆಗೆ ಬೆಳ್ಳುಳ್ಳಿ, ಶುಂಠಿ. ಆದ್ರೆ ಮಾತ್ರೆ ಬಿಡಂಗಿಲ್ಲ. ಇದು ಜೊತೆಗೆ ಕುಡಿಯೋದು ಅಷ್ಟೆ. ಹುಣಸೂರಿನ ಡಾಕ್ಟ್ರಿಗೂ ಒಂದು ಮಾತು ತಿಳಿಸಿ."

ಅವನು ಸರಿಯಾಗಿಯೇ ಹೇಳಿದ. ಅವನ ಮೇಲೆ ತಪ್ಪು ಹೊರಿಸುವಂತಿಲ್ಲ. ಡಾಕ್ಟರಿಗೆ ತಿಳಿಸುವ ಕೆಲಸ ಯಾರದೆಂದು ಯಾರೂ ಕೇಳಲಿಲ್ಲ, ಯಾರೂ ತಿಳಿಸಲಿಲ್ಲ.

ಮಂಗಳಮ್ಮನಿಗೆ ಮತ್ತೆ ಜೀವ ಬಂತು. ಬೆಳಿಗ್ಗೆ ಎದ್ದವಳೇ ಚೆಕ್ಕೆ ಕುಟ್ಟುತ್ತಿದ್ದಳು, ಬೆಳ್ಳುಳ್ಳಿ ಸುಲಿಯುತ್ತಿದ್ದಳು, ತನ್ನದೇ ಬೇರೆ ಒಲೆ ಹೂಡಿ ಕಷಾಯ ಕಾಯಿಸುತ್ತಿದ್ದಳು. ಬೃಂದಾ ಒಂದು ಮೂಲೆಯಲ್ಲಿ ಎಣ್ಣೆಯಿಲ್ಲದ ಸಾರು, ಅತ್ತೆ ಇನ್ನೊಂದು ಮೂಲೆಯಲ್ಲಿ ಕಷಾಯ. ಅಡುಗೆಮನೆಯಲ್ಲಿ ಎರಡು ಸರ್ಕಾರ ನಡೆಯಿತು. ದೇವಯ್ಯ ಎರಡೂ ಕಡೆಯ ತೆರಿಗೆ ಕಟ್ಟಿದ. ಸಾರನ್ನೂ ಉಂಡ, ಕಷಾಯವನ್ನೂ ಕುಡಿದ, ಮಾತ್ರೆಯನ್ನೂ ನುಂಗಿದ, ಬೀಡಿಯನ್ನೂ ಬಿಟ್ಟ.

ಶ್ರಾವಣ ಬರುವ ಹೊತ್ತಿಗೆ ಅವನು ನಿಜವಾಗಿ ಚೇತರಿಸಿಕೊಂಡ. ಹೊಲದ ಬದುವಿನ ತೆವರಿಯ ಮೇಲೆ ಏದುಸಿರಿಲ್ಲದೆ ನಡೆದು ಬಂದ. ಮೊದಲಿನ ಹಾಗೆ ಬೈದಾಡಿ ಮಾತಾಡತೊಡಗಿದ. ಮನೆಯಲ್ಲಿ ಎಲ್ಲರಿಗೂ ಹಗುರವಾಗಬೇಕಿತ್ತು. ಬದಲಿಗೆ ಹೊಸ ಜಗಳ ಎದ್ದಿತು. ಗುಣ ಯಾರದು?

"ಮಾತ್ರೆ ನೋಡವ್ವ ಎಂಗ್ ಕೆಲ್ಸ ಮಾಡದೆ," ಎಂದ ಸ್ವಾಮಿ ಒಂದು ಮಧ್ಯಾಹ್ನ, ಬಸ್ಸಾರಿಗೆ ಮುದ್ದೆ ಅದ್ದುತ್ತ.

"ಮಾತ್ರೆಯಂತೆ! ನಮ್ಮಣ್ಣ ಹೊಳೆದಂಡೆಯಿಂದ ಹೊತ್ಕಂಡ್ ಬಂದಿದ್ದು ಮಣ್ಣಾ?"

"ಮಾವ ಬೀಡಿ ಬಿಟ್ಟಿದ್ದು, ಸಾರು ಬದಲಾಗಿದ್ದು ಲೆಕ್ಕಕ್ಕಿಲ್ವಾ?" ಎಂದಳು ಬೃಂದಾ ಮೆಲ್ಲಗೆ.

"ನೀನ್ ಸುಮ್ಕಿರವ್ವ, ಸಪ್ಪೆ ಸಾರಿನ ಡಾಕ್ಟ್ರು!"

ದೇವಯ್ಯ ನಗುತ್ತ ಮೂವರ ಮುಖವನ್ನೂ ನೋಡಿದ. ಮಾರನೆಯ ದಿನ ಹಿತ್ತಿಲಲ್ಲಿ ಹೆಂಡತಿ ಚೆಕ್ಕೆ ಕುಟ್ಟುತ್ತಿರುವಾಗ ಬಂದು ಕಲ್ಲಿನ ಮೇಲೆ ಕೂತ.

"ಅಮ್ಮಿ, ಒಲೆಗೆ ಎರಡು ಜಾತಿ ಸೌದೆ ಒಟ್ಟಿಗೆ ಒಡ್ಡಿದ್ರೆ ಯಾವ್ದು ಬಿಸಿ ಕೊಡ್ತು ಅಂತ ಎಂಗ್ ಗೊತ್ತಾಯ್ತದೆ?"

"ಎಂಗೆ?"

"ಒಂದನ್ನ ನಿಲ್ಸಿ ನೋಡ್ಬೇಕು. ನಾನು ಮಾತ್ರೆ ನಿಲ್ಸ್ತೀನಿ."

ಮಂಗಳಮ್ಮನ ಕೈಯ ಗುಂಡುಕಲ್ಲು ನಿಂತಿತು. "ಡಾಕ್ಟ್ರು ನಿಲ್ಲಿಸ್ಬಾರ್ದು ಅಂದಿದ್ರಂತೆ."

"ಅವ್ರು ಅಂಗೇ ಅಂತಾರೆ ಕಣಮ್ಮಿ. ಮಸಿ ಉರ್ದೋದ್ ಮ್ಯಾಲೂ ಸೌದೆ ತುರುಕ್ತಾನೇ ಇರು ಅಂತ ನಾನ್ ಯಾರಿಗಾದ್ರೂ ಯೋಳಿದ್ನಾ? ಸ್ವಾಮಿಗೆ ಮಾತ್ರ ಯೋಳ್ಬ್ಯಾಡ. ಸುಮ್ನೆ ರಂಪ ಮಾಡ್ತಾನೆ. ನನ್ನಾಣೆ."

ಆಗಲೇ ಅವಳು ಹೆದರಬೇಕಿತ್ತು. ಅವಳಿಗೆ ಖುಷಿಯಾಯಿತು. ಸೊಸೆಯ ಸಾರನ್ನೂ ನೆಚ್ಚದೆ, ಮಗನ ಮಾತ್ರೆಯನ್ನೂ ಬಿಟ್ಟು ತನ್ನ ಕೈಯ ಕಷಾಯದ ಮೇಲೆ ಗಂಡ ಭಾರ ಹಾಕುತ್ತಿದ್ದಾನೆ ಎಂದು ಒಳಗೊಳಗೇ ಹಿಗ್ಗಿದಳು. "ಆಯ್ತು ಬುಡಿ, ನಾನ್ಯಾಕೆ ಯೋಳ್ಳಿ," ಎಂದಳು.

ಅಂದಿನಿಂದ ದೇವಯ್ಯ ಮಗನ ಮುಂದೆ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದಂತೆ ಮಾಡಿ, ಅಂಗಳಕ್ಕೆ ಹೋಗಿ ಉಗಿಯುತ್ತಿದ್ದ. ಬೆಳಗಿನದನ್ನು ಬ್ಯಾರನ್ ಒಲೆಗೆ ಎಸೆಯುತ್ತಿದ್ದ. ಮಾತ್ರೆ ಬಿಡಿಸಿದ ಖಾಲಿ ಹಾಳೆಗಳನ್ನು ನೋಡಿ ಸ್ವಾಮಿ ಹೊಸದನ್ನು ತರುತ್ತಲೇ ಇದ್ದ.

ಮೊದಲ ಕೆಲವು ದಿನ ಏನೂ ಆಗಲಿಲ್ಲ. ಮಂಗಳಮ್ಮ ಅಣ್ಣನಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಆಮೇಲೊಂದು ಬೆಳಿಗ್ಗೆ ದೇವಯ್ಯ ಹೊಲದಿಂದ ಬಂದು ಜಗುಲಿಯ ಮೇಲೆ ದೊಪ್ಪನೆ ಕೂತ. ತಣ್ಣನೆಯ ಮೋಡದ ದಿನ, ಅವನ ಹಣೆಯಲ್ಲಿ ಬೆವರು ಮೂಡಿತ್ತು. ಅಂಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಮುಖದಲ್ಲಿ ನಗು ಇತ್ತು.

"ಹೊತ್ಕತು ಕಣಮ್ಮಿ," ಎಂದ.

"ಏನು?"

"ಮಸಿ. ಒಳಗೆ ಬೆಂಕಿ ಅತ್ಕಂಡದೆ. ಉರೀತಾ ಅದೆ. ನಿನ್ ಕಸಾಯ ಕೆಲ್ಸ ಶುರು ಮಾಡ್ತು."

ಮಂಗಳಮ್ಮ ಒಳಗೆ ಓಡಿ, ನಾಲಿಗೆ ಕೆಳಗಿಡುವ ಸಣ್ಣ ಮಾತ್ರೆ ತಂದಳು. ಅವನು ಅವಳ ಕೈ ತಳ್ಳಿದ.

"ತಲೆ ಕೆಟ್ಟದಾ ನಿಂಗೆ? ಉರೀತಿರೋ ಪೈಪ್‌ಗೆ ಯಾರಾದ್ರೂ ನೀರ್ ಎರಚ್ತಾರಾ? ಸೀಳೋಯ್ತದೆ. ಉರೀಲಿ ಬುಡು. ಪೂರಾ ಉರೀಲಿ."

ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಎದ್ದು ಮುಖ ತೊಳೆದು ಬ್ಯಾರನ್ ಕಡೆ ನಡೆದ. ಮಂಗಳಮ್ಮ ಮಾತ್ರೆ ಹಿಡಿದ ಕೈಯಲ್ಲೇ ನಿಂತಿದ್ದಳು. ಅವಳ ಖುಷಿ ಅಲ್ಲಿಗೆ ಮುಗಿಯಿತು.

ನೋವು ಮತ್ತೆ ಮತ್ತೆ ಬಂತು. ಬಂದಷ್ಟೂ ದೇವಯ್ಯನಿಗೆ ಉತ್ಸಾಹ. ಬೆಳ್ಳುಳ್ಳಿ ಹೆಚ್ಚು ಮಾಡಿಸಿದ, ಕಾಳುಮೆಣಸನ್ನೂ ಹಾಕಿಸಿದ. ಗಾಳಿ ಬಿದ್ದರೆ ತಾನೆ ಉರಿಯುವುದು ಎಂದು, ಡಾಕ್ಟರು ಬೇಡವೆಂದ ಕೆಲಸಗಳನ್ನೆಲ್ಲ ಹುಡುಕಿ ಮಾಡತೊಡಗಿದ. ಸೌದೆ ಹೊತ್ತ. ಬ್ಯಾರನ್ನಿನ ಗಳು ಹತ್ತಿ ಕಡ್ಡಿ ಇಳಿಸಿದ. ನಡುನಡುವೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಒಳಗಿನ ಗೊರಗೊರ ಕೇಳಿಸಿಕೊಳ್ಳುವವನ ಹಾಗೆ. ನೋಡಿದವರು, ದೇವಯ್ಯನಿಗೆ ಹತ್ತು ವರ್ಷ ಇಳಿದಿದೆ ಎಂದರು. ಸ್ವಾಮಿಯಂತೂ ಊರೆಲ್ಲ ಮಾತ್ರೆಯ ಗುಣಗಾನ ಮಾಡಿಕೊಂಡು ಬಂದ.

ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ರಾತ್ರಿಯ ಊಟದಲ್ಲಿ ಗಂಡನ ಗಂಟಲನ್ನೇ ನೋಡುತ್ತಿದ್ದಳು.

"ಸಾಕು ಕಣ್ರೀ, ಮತ್ತೆ ಮಾತ್ರೆ ಶುರು ಮಾಡಿ," ಎಂದಳು ಒಂದು ದಿನ ಕಣ್ಣೀರು ಹಾಕಿ. "ನನ್ ಕಸಾಯನೂ ಬ್ಯಾಡ, ನಮ್ಮಣ್ಣನೂ ಬ್ಯಾಡ."

"ಅರ್ಧಕ್ಕೆ ಉರಿ ನಿಲ್ಸಿದ್ರೆ ಇನ್ನೂ ಗಟ್ಟಿಯಾಗಿ ಕಟ್ಕತದೆ. ನಿಂಗೆ ಇದೆಲ್ಲ ತಿಳಿಯಾಕಿಲ್ಲ."

"ಸ್ವಾಮಿಗೆ ಯೋಳ್ತೀನಿ ನಾನು."

"ನನ್ನಾಣೆ ಅಂದಿವ್ನಿ."

ಆಣೆಗಿಂತ ಹೆದರಿಕೆ ದೊಡ್ಡದಾಯಿತು. ಮಾರನೆಯ ದಿನ ಬುತ್ತಿ ಹೊತ್ತು ಬ್ಯಾರನ್ ಹತ್ತಿರ ಹೋದಾಗ ಮಂಗಳಮ್ಮ ಹೇಳಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ್ದಳು. ಹೆಂಗಸರು ನೆರಳಲ್ಲಿ ಸೊಪ್ಪು ಕಟ್ಟುತ್ತಿದ್ದರು. ಸ್ವಾಮಿ ಒಲೆಯ ಮುಂದಿದ್ದ, ದೇವಯ್ಯ ಒಳಗೆ.

"ಸ್ವಾಮಿ, ಬಾ ಇಲ್ಲಿ. ನಿಮ್ಮಪ್ಪನ್ ವಿಚಾರ ಒಸಿ ಮಾತಾಡ್ಬೇಕು."

"ನಂಗೂ ಮಾತಾಡ್ಬೇಕು," ಎಂದ ಸ್ವಾಮಿ. ಅವನ ಮುಖ ಆಗಲೇ ಬಿಗಿದಿತ್ತು. "ನೆನ್ನೆ ಅಪ್ಪನ ಮುದ್ದೆ ಒಳಗೆ ತುಪ್ಪದ ಗುಳಿ ಮಾಡಿ ಇಟ್ಟಿದ್ದೆಯಂತೆ. ಬೃಂದಾ ಕಣ್ಣಾರೆ ನೋಡವ್ಳೆ."

"ಒಂದ್ ಚೂರು ಕಣಪ್ಪ. ಕಸಾಯ ಕುಡ್ದು ಬಾಯೆಲ್ಲ ಕಯ್ಯಿ ಅಂದ್ರು..."

"ಡಾಕ್ಟ್ರು ಬೆಟ್ಟದಷ್ಟು ಯೋಳ್ಲಿ, ನೀನು ಮಾಡೋದನ್ನೇ ಮಾಡು. ಅಪ್ಪ ಏನಾರ ಸತ್ರೆ ಅದು ನಿನ್ ಕೈಯಿಂದ್ಲೇ ಕಣವ್ವ, ಬರ್ದಿಟ್ಕ!"

ಸೊಪ್ಪು ಕಟ್ಟುವ ಹೆಂಗಸರ ಕೈಗಳು ನಿಂತವು. ಮಂಗಳಮ್ಮ ಬುತ್ತಿಯ ಗಂಟನ್ನು ಕೆಳಗಿಟ್ಟಳು. ಹೇಳಬೇಕೆಂದು ತಂದಿದ್ದ ಮಾತು ಅಲ್ಲೇ ಒಣಗಿತು. ಈಗ ಹೇಳಿದರೆ, ಹೌದು ನಾನೇ ಕೊಲ್ಲುತ್ತಿರುವವಳು ಎಂದು ಎಲ್ಲರ ಮುಂದೆ ಒಪ್ಪಿಕೊಂಡಂತೆ.

"ಏನೋ ಯೋಳ್ಬೇಕು ಅಂದ್ಯಲ್ಲ?" ಎಂದ ಸ್ವಾಮಿ, ತುಸು ತಗ್ಗಿ.

"ಏನಿಲ್ಲ. ಉಣ್ಣಕ್ ಕರಿ ನಿಮ್ಮಪ್ಪನ್ನ."

ಅವಳು ಒಂದು ಸಮಾಧಾನ ಹುಡುಕಿಕೊಂಡಳು. ಗೌರಿ ಹಬ್ಬಕ್ಕೆ ಮೊದಲು ಮೈಸೂರಿಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸುವುದೆಂದು ಸ್ವಾಮಿ ಬರುವ ಸೋಮವಾರವನ್ನು ಗೊತ್ತು ಮಾಡಿದ್ದ. ವಿಚಿತ್ರವೆಂದರೆ ದೇವಯ್ಯ ತಾನೇ ಮುಂದಾಗಿ ಒಪ್ಪಿದ್ದ. "ಬಣ್ಣ ಬುಟ್ಟು ನೋಡ್ತಾರಂತಲ್ಲ, ನೋಡ್ಲಿ. ನನ್ ಪೈಪು ಎಂಗ್ ಹೊಳೀತದೆ ಅಂತ ಅವ್ರಿಗೂ ಗೊತ್ತಾಗ್ಲಿ. ಈ ಬ್ಯಾರನ್ ಸೊಪ್ಪು ಇಳ್ಸಿ ಓಗುಮ." ಅಲ್ಲಿ ಡಾಕ್ಟರಿಗೆ ಹೇಗೂ ತಿಳಿಯುತ್ತದೆ, ಅವರೇ ಬೈದು ಮಾತ್ರೆ ಶುರು ಮಾಡಿಸುತ್ತಾರೆ, ತಾನು ಬಾಯಿ ಬಿಡುವ ಪ್ರಮೇಯವೇ ಬಾರದು ಎಂದುಕೊಂಡಳು ಮಂಗಳಮ್ಮ. ಸೋಮವಾರಕ್ಕೆ ಇನ್ನೆಷ್ಟು ದಿನ!

ಶನಿವಾರ ಸೊಪ್ಪು ಇಳಿಸಿದರು. ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ದೇವಯ್ಯ ಅಟ್ಟದವರೆಗೆ ಹತ್ತಿ ಕಡ್ಡಿ ಕೊಟ್ಟು, ಇಳಿದು, ಮನೆಗೆ ಬಂದು ಊಟಕ್ಕೆ ಕೂತ. ಹುರುಳಿಕಾಳಿನ ಸಾರು, ಮುದ್ದೆ. ಅರ್ಧ ಮುದ್ದೆಗೆ ಕೈ ನಿಂತಿತು. ಹಿಂದಕ್ಕೆ ಸರಿದು ಕಂಬಕ್ಕೆ ಒರಗಿದ.

"ಏನ್ರೀ?"

"ಪೂರಾ ಹೊತ್ಕತು," ಎಂದ. ಎಡಗೈ ಮುಷ್ಟಿಯಾಗಿತ್ತು. ತೊಟ್ಟ ಅಂಗಿ ನೋಡನೋಡುತ್ತಲೇ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತು. "ಬುಡು. ಇನ್ ಒಸಿ ಹೊತ್ತು. ಎಲ್ಲಾ ಬುಟ್ಕತದೆ."

ಮಂಗಳಮ್ಮ ಈ ಸಲ ಕೇಳಲಿಲ್ಲ. ಸಣ್ಣ ಮಾತ್ರೆ ತಂದು ಅವನ ಬಾಯಿಗೆ ತುರುಕಲು ಹೋದಳು. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಬೃಂದಾ ಬಂದು ಗಲ್ಲ ಹಿಡಿದಳು. ಹೇಗೋ ಮಾತ್ರೆ ಒಳಗೆ ಹೋಯಿತು, ಅವನು ಉಗಿದ. ಮತ್ತೊಂದು ಇಡುವ ಹೊತ್ತಿಗೆ ದೇವಯ್ಯನ ಮುಖದ ನಗು ಹೋಗಿತ್ತು. ಮೊದಲ ಸಲ ಅವನ ಕಣ್ಣಿನಲ್ಲಿ ಹೆದರಿಕೆ ಬಂತು. ಹೆಂಡತಿಯ ಕಡೆ ನೋಡಿ ಏನೋ ಕೇಳುವಂತೆ ತುಟಿ ಆಡಿಸಿದ. ಆ ನೋಟವನ್ನು ಅವಳು ಸಾಯುವವರೆಗೆ ಮರೆಯುವುದಿಲ್ಲ.

ಸ್ವಾಮಿ ಓಡಿಹೋಗಿ ರಾವಂದೂರಿನಿಂದ ವ್ಯಾನು ತಂದ. ಪಿರಿಯಾಪಟ್ಟಣ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದವರು ಜಗುಲಿಯ ತುಂಬ ಕೂತಿದ್ದರು. ನೆರೆಮನೆಯ ಮರಿಯಯ್ಯ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ.

"ಎಂಗ್ ತಪ್ದಂಗೆ ನುಂಗ್ತಿದ್ದ ಪಾಪ! ಇಂಗ್ಲಿಸ್ ಮಾತ್ರೆ ಇಷ್ಟೇ ಕಣ್ರಪ್ಪ. ನಂಗೂ ಬಿಪಿಗೆ ಕೊಟ್ಟವ್ರೆ, ಮೂಲೇಲಿ ಬಿದ್ದದೆ."

ತನ್ನ ಚೆಕ್ಕೆಯ ಮಾತು ಯಾರಾದರೂ ಎತ್ತಿಯಾರೆಂದು ಷಣ್ಮುಖಪ್ಪ ತಲೆ ತಗ್ಗಿಸಿ ಕೂತಿದ್ದ. ಯಾರೂ ಎತ್ತಲಿಲ್ಲ. ಸ್ವಾಮಿ ಬೋಳುತಲೆಯ ಮೇಲೆ ಕೈಯಾಡಿಸುತ್ತ ಒಂದೇ ಮಾತು ಹೇಳಿದ. "ಒಂದಿನ ತಪ್ಪಿಸ್ನಿಲ್ಲ ನಮ್ಮಪ್ಪ. ನಾನೇ ಮುಂದ್ ನಿಂತು ನುಂಗಿಸಿವ್ನಿ. ಏನ್ ಬಂತು?"

ಕಂಬದ ಹಿಂದೆ ಮಂಗಳಮ್ಮ ಕೇಳಿಸಿಕೊಂಡಳು. ನೆಂಟರು ಅವಳ ಅಳು ಗಂಡನಿಗೆಂದೇ ತಿಳಿದರು.

ನೆಂಟರೆಲ್ಲ ಹೋದರು. ಗೌರಿ ಹಬ್ಬ ಮನೆಗೆ ಬರಲಿಲ್ಲ, ಸೂತಕದ ಮನೆ. ಉಳಿದ ಸೊಪ್ಪನ್ನು ಬಿಡುವಂತಿರಲಿಲ್ಲ, ಸ್ವಾಮಿ ಒಬ್ಬನೇ ಬ್ಯಾರನ್ ಹೂಡಿದ. ಒಂದು ಬೆಳಿಗ್ಗೆ ಬೃಂದಾ ಕಸ ಗುಡಿಸುವುದನ್ನು ನಿಲ್ಲಿಸಿ ಅತ್ತೆಯ ಹತ್ತಿರ ಬಂದಳು. ದೇವಯ್ಯ ಸತ್ತ ಮೇಲೆ ಅತ್ತೆ ಸೊಸೆಯರ ನಡುವೆ ಎರಡು ಒಲೆ ಇರಲಿಲ್ಲ, ಒಂದರಲ್ಲೇ ಬೇಯುತ್ತಿತ್ತು.

"ಅತ್ತೆ, ಅವ್ರು ಮಾತ್ರೆ ಬಿಟ್ಟವ್ರೆ. ಮಾವ ಹೋದಾಗಿಂದ ಮುಟ್ಟಿಲ್ಲ. ಕೇಳಿದ್ರೆ, ಅಪ್ಪ ನುಂಗಿ ಬದುಕಿದ್ನಾ ಅಂತ ರೇಗ್ತಾರೆ. ನಿಮ್ ಮಾತು ಕೇಳಬಹುದು, ನೀವಾದ್ರೂ ಹೇಳಿ."

ಮಂಗಳಮ್ಮನ ಕೈಯಲ್ಲಿದ್ದ ಮೊರ ಜಾರಿ ಅಕ್ಕಿ ನೆಲಕ್ಕೆ ಚೆಲ್ಲಿತು. "ಯೋಳ್ತೀನಿ," ಎಂದಳು. ಅಕ್ಕಿ ಬಳಿದು ತುಂಬುವಷ್ಟರಲ್ಲಿ ಧೈರ್ಯ ಹೋಗಿತ್ತು. ಹೇಳುವುದಾದರೂ ಏನನ್ನು? ಮಾತ್ರೆ ನುಂಗಪ್ಪ ಎಂದರೆ ಸಾಲದು. ಯಾಕೆ ನುಂಗಬೇಕೆಂದು ಹೇಳಬೇಕು. ಅದನ್ನು ಹೇಳಿದರೆ ಮಗ ಉಳಿಯುತ್ತಾನೆ, ತನಗೆ ಮಗ ಉಳಿಯುವುದಿಲ್ಲ.

ಇನ್ನೂ ಒಂದು ವಾರ ಹೀಗೇ ತಳ್ಳಿದಳು. ಆಮೇಲೆ ಒಂದು ಸಂಜೆ ಬುತ್ತಿಯ ಪಾತ್ರೆ ತರಲು ಬ್ಯಾರನ್‌ಗೆ ಹೋದಾಗ, ಸೌದೆ ಹೊರೆ ಇಳಿಸಿದ ಸ್ವಾಮಿ ಗೋಡೆಗೆ ಕೈಯೂರಿ ನಿಂತಿದ್ದ. ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದ.

"ಯಾಕಪ್ಪ?"

"ಏನಿಲ್ಲ. ಬೆಂಕಿ ಕಾವು."

ಒಲೆಗೆ ಅವನಿನ್ನೂ ಬೆಂಕಿಯನ್ನೇ ಹಚ್ಚಿರಲಿಲ್ಲ.

ಮಂಗಳಮ್ಮ ಪಾತ್ರೆಯನ್ನೂ ತೆಗೆದುಕೊಳ್ಳದೆ ಮನೆಗೆ ಬಂದಳು. ದೀಪ ಹಚ್ಚುವ ಹೊತ್ತಿಗೆ ಸ್ವಾಮಿ ಊಟಕ್ಕೆ ಕೂತ. ಬೃಂದಾ ಮುದ್ದೆ ಇಟ್ಟಳು, ಮಂಗಳಮ್ಮ ಸೊಪ್ಪಿನ ಸಾರು ಬಿಟ್ಟಳು. ಅವನು ಎರಡು ತುತ್ತು ನುಂಗುವವರೆಗೆ ಕಾದಳು. ಹಸಿದ ಹೊಟ್ಟೆಗೆ ಹೇಳುವುದು ಬೇಡ ಅನ್ನಿಸಿತ್ತು.

"ಸ್ವಾಮಿ, ನಿಮ್ಮಪ್ಪ ಮಾತ್ರೆ ತಗತಿರ್ನಿಲ್ಲ."

ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ. "ನಾನೇ ಕೊಡ್ತಿದ್ನಲ್ಲವ್ವ."

"ಅಂಗಳದಲ್ಲಿ ಉಗೀತಿದ್ರು. ಬೆಳಗಿನ್ ಮಾತ್ರೆ ಒಲೆಗ್ ಆಕ್ತಿದ್ರು. ಶ್ರಾವಣ ಉಟ್ಟಿದಾಗಿಂದ ಒಂದೂ ಒಳೀಕ್ ಓಗಿಲ್ಲ. ಕಸಾಯ ಒಂದ್ರಲ್ಲೇ ಗುಣಾಯ್ತದಾ ನೋಡ್ತೀನಿ ಅಂದ್ರು. ಎದೆ ನೋವು ಬಂದ್ರೆ ಮಸಿ ಉರೀತದೆ ಅಂತಿದ್ರು. ಮಾತ್ರೆ ಸೋಲ್ನಿಲ್ಲ ಕಣಪ್ಪ. ಮಾತ್ರೆ ನುಂಗೇ ಇರ್ನಿಲ್ಲ."

ಬೃಂದಾ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಸ್ವಾಮಿ ನಿಧಾನಕ್ಕೆ ತಲೆ ಎತ್ತಿದ.

"ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು."

"ಮೊದ್ಲಿಂದ?"

"ಮೊದ್ಲಿಂದ. ನನ್ ಕಸಾಯ ಗೆಲ್ಲಲಿ ಅಂತ ನಂಗೂ ಆಸೆ ಇತ್ತು." ಅವಳು ಅಳಲಿಲ್ಲ. ಅತ್ತರೆ ಮಗನಿಗೆ ಕರುಣೆ ಬಂದೀತು, ಅದು ಬೇಡವಾಗಿತ್ತು. "ಆವತ್ತು ಬ್ಯಾರನ್ ತವ ಯೋಳಕ್ಕೇ ಬಂದಿದ್ದೆ. ನೀನ್ ಅಂಗಂದ್ ಮ್ಯಾಲೆ ಬಾಯ್ ಬರ್ನಿಲ್ಲ. ನೀನ್ ಅಂದಿದ್ದು ಸರಿಯಾಗೇ ಅದೆ. ನನ್ ಏನ್ ಬೇಕಾರ ಮಾಡು. ಮಾತ್ರೆ ಒಂದ್ ಬುಡ್ಬ್ಯಾಡ."

ಸ್ವಾಮಿಯ ಕೈ ತಟ್ಟೆಯಲ್ಲೇ ಒಣಗುತ್ತಿತ್ತು. ಅವನು ಬೈಯಬಹುದೆಂದು, ತಟ್ಟೆ ಎಸೆಯಬಹುದೆಂದು ಬೃಂದಾ ಹೆದರಿ ಹಿಂದೆ ಸರಿದಳು. ಅವನು ಹೆಂಡತಿಯ ಕಡೆ ತಿರುಗಿ, "ನನ್ ಮಾತ್ರೆ ಎಲ್ಲಿ ಮಡಗಿದ್ದೀಯ?" ಎಂದ.

ಬೃಂದಾ ಓಡಿಹೋಗಿ ತಂದಳು. ಅವನು ಎದ್ದು, ತಾಯಿಯ ಮುಂದೆ ಬಂದು ನಿಂತು, ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಅವಳಿಗೆ ಕಾಣುವಂತೆ ಬಾಯಿ ತೆರೆದ. ನೀರು ಕುಡಿದ. ಮತ್ತೆ ಬಾಯಿ ತೆರೆದು ತೋರಿಸಿದ.

"ನಾಳೆಯಿಂದ ನಂಗೆ ಇವ್ಳ ಕೈಲಿ ಇಕ್ಕಿಸ್ಬ್ಯಾಡ," ಎಂದು ಹೆಂಡತಿಗೆ ಹೇಳಿ ಹೊರಗೆ ಹೋದ.

ಮಗನ ಗಂಟಲು ಏರಿ ಇಳಿದದ್ದನ್ನು ಮಂಗಳಮ್ಮ ಸರಿಯಾಗಿ ನೋಡಿಕೊಂಡಿದ್ದಳು. ಕೂತಲ್ಲಿಂದ ಎದ್ದು, ಅವನು ಬಿಟ್ಟುಹೋದ ತಟ್ಟೆಯನ್ನು ಎತ್ತಿಕೊಂಡು ತೊಳೆಯಲು ಹಿತ್ತಿಲಿಗೆ ನಡೆದಳು.